ಬಾಣಂತಿಯ ಮನಸ್ಸು, ಮನೆಯವರ ಆಸರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಸುರಿಯರು, ಬಾಣಂತಿಯರು, ಅವರ ಗಂಡಂದಿರು, ತಾಯಂದಿರು, ಅತ್ತೆಯರು ಮಾತಿನ ನಡುವೆಯೂ ಪತ್ರಗಳಲ್ಲೂ ವರ್ಷಗಳಿಂದ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಎದುರಾದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ಓದುತ್ತಿರುವ ನಿಮಗೇ ಈಗ ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದ್ದರೆ ಮುಂದೆ ಓದುವ ಮೊದಲು 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಿಲ್ಲ.

## ಮೊದಲಿಗೆ ಕೇಳುವವು

ಹೆರಿಗೆ ಆಗಿ ನಾಲ್ಕು ದಿನ ಆಯ್ತು. ಸುಮ್ಮಸುಮ್ಮನೆ ಅಳು ಬರುತ್ತೆ. ನನಗೆ ಖಿನ್ನತೆ ಬಂತಾ?

ಬಹುಶಃ ಇಲ್ಲ. ಹೆರಿಗೆಯಾದ ಮೂರನೆಯ ದಿನದಿಂದ ಐದನೆಯ ದಿನದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಹೀಗಾಗುತ್ತದೆ. ಬಸಿರಿನಲ್ಲಿ ಏರಿದ್ದ ಹಾರ್ಮೋನುಗಳು ಒಮ್ಮೆಗೇ ಇಳಿಯುತ್ತವೆ, ನಿದ್ದೆ ಇರುವುದಿಲ್ಲ, ಹೊಲಿಗೆಯ ನೋವು ಬೇರೆ, ಎದೆಯಲ್ಲಿ ಹಾಲು ಕಟ್ಟಿಕೊಳ್ಳುವುದೂ ಆಗಲೇ. ಒಂದು ಗಳಿಗೆ ಮಗುವನ್ನು ನೋಡಿ ನಗು, ಮರುಗಳಿಗೆಗೆ ಕಣ್ಣೀರು. ಇದು ಹೆಚ್ಚೆಂದರೆ ಎರಡು ವಾರದೊಳಗೆ ತಾನಾಗಿಯೇ ತಿಳಿಯಾಗುತ್ತದೆ. ಮಾತ್ರೆ ಬೇಡ, ವಿಶ್ರಾಂತಿ ಬೇಕು, ಪಕ್ಕದಲ್ಲಿ ಕೂರುವವರು ಬೇಕು. ಎರಡು ವಾರ ದಾಟಿದ ಮೇಲೂ ಅಳು ನಿಲ್ಲದಿದ್ದರೆ, ಅಥವಾ ಮೊದಲ ದಿನಗಳಲ್ಲೇ ಮಾತು, ನಡೆ ವಿಚಿತ್ರವಾಗಿ ಬದಲಾದರೆ ಅದು ಬೇರೆಯದೇ ವಿಷಯ.

ಹಾಗಾದ್ರೆ ಬಾಣಂತಿಯ ಖಿನ್ನತೆ ಅಂತ ಯಾವಾಗ ಹೇಳ್ತಾರೆ? ಎಷ್ಟು ಜನಕ್ಕೆ ಬರುತ್ತೆ?

ಎರಡು ವಾರಕ್ಕೂ ಮಿಕ್ಕಿ ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಮೊದಲು ಇಷ್ಟವಾಗಿದ್ದ ಯಾವುದೂ ಬೇಡವೆನಿಸುವುದು, ಮಗು ಮಲಗಿದಾಗಲೂ ನಿದ್ದೆ ಬಾರದಿರುವುದು, ‘ನಾನು ಒಳ್ಳೆಯ ತಾಯಿಯಲ್ಲ’ ಎಂಬ ಮಾತು ತಲೆಯೊಳಗೆ ಸುತ್ತುತ್ತಲೇ ಇರುವುದು, ಮಗುವಿನ ಮೇಲೆ ಪ್ರೀತಿ ಹುಟ್ಟುತ್ತಿಲ್ಲವಲ್ಲ ಎಂಬ ಗುಟ್ಟಿನ ಸಂಕಟ, ಬದುಕೇ ಸಾಕೆನಿಸುವುದು, ಇವುಗಳಲ್ಲಿ ಹಲವು ಒಟ್ಟಿಗೆ ಸೇರಿದಾಗ ವೈದ್ಯರು ಆ ಹೆಸರು ಹೇಳುತ್ತಾರೆ. ನಮ್ಮ ಕಡೆಯ ಹೆಣ್ಣುಮಕ್ಕಳು ಇದನ್ನು ಮನಸ್ಸಿನ ಮಾತಾಗಿ ಹೇಳುವುದು ಕಡಿಮೆ. ತಲೆಭಾರ, ಎದೆಯುರಿ, ಮೈಕೈ ನೋವು, ಸುಸ್ತು, ಹಾಲು ಸಾಲುತ್ತಿಲ್ಲವೆಂಬ ದೂರು, ಹೀಗೆ ಮೈಯ ಭಾಷೆಯಲ್ಲೇ ಅದು ಹೊರಬರುತ್ತದೆ.

ಭಾರತದಲ್ಲಿ ನಡೆದ 38 ಅಧ್ಯಯನಗಳ, ಸುಮಾರು 20,000 ತಾಯಂದಿರ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ನೂರು ಬಾಣಂತಿಯರಲ್ಲಿ 22 ಮಂದಿಗೆ ಖಿನ್ನತೆ ಇರುತ್ತದೆ. ನಿಮ್ಮ ಬೀದಿಯಲ್ಲಿ ಈ ವರ್ಷ ಐದು ತೊಟ್ಟಿಲು ಕಟ್ಟಿದ್ದರೆ ಅದರಲ್ಲಿ ಒಂದು ಮನೆಯಲ್ಲಿ ಇದು ಇದ್ದೀತು.

ಬಸಿರಿನಲ್ಲೇ ಹೀಗಾಗಬಹುದಾ?

ಆಗಬಹುದು, ಬಹಳ ಸಲ ಶುರುವಾಗುವುದೇ ಅಲ್ಲಿಂದ. ಸೀಮಂತದ ದಿನ ಹಸಿರು ಬಳೆ ತೊಟ್ಟು ನಗುತ್ತ ಕೂತವಳು ರಾತ್ರಿಯೆಲ್ಲ ಸೂರು ನೋಡುತ್ತ ಮಲಗಿರಬಹುದು. ಬಸಿರಿನಲ್ಲಿ ಕಾಣಿಸಿಕೊಂಡ ಆತಂಕವನ್ನೂ ಕುಗ್ಗುವಿಕೆಯನ್ನೂ ‘ಹೆರಿಗೆ ಆದರೆ ಎಲ್ಲ ಸರಿಹೋಗುತ್ತೆ’ ಎಂದು ಮುಂದೂಡಬೇಡಿ. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ. ತೂಕ, ರಕ್ತದೊತ್ತಡ ನೋಡುವಾಗಲೇ ‘ನಿದ್ದೆ ಬರುತ್ತಿಲ್ಲ, ಮನಸ್ಸು ಸರಿಯಿಲ್ಲ’ ಎಂದು ಹೇಳಿ. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆ ಕೂಡ ಇದೇ ಸುಸ್ತು, ಇದೇ ಬೇಸರ ತರುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದ್ದುದು ಕಂಡುಬಂತು. ಆದ್ದರಿಂದ ರಕ್ತಪರೀಕ್ಷೆ ತಪ್ಪಿಸಬೇಡಿ.

ನಮ್ಮಜ್ಜಿ ಎಂಟು ಹೆತ್ತರು. ಅವರಿಗೆಲ್ಲ ಇದು ಇರಲೇ ಇಲ್ಲವಲ್ಲ?

ಇತ್ತು. ‘ಬಾಣಂತಿ ಸನ್ನಿ’ ಎಂಬ ಮಾತು ಕನ್ನಡದಲ್ಲಿ ಇಂದು ನಿನ್ನೆ ಹುಟ್ಟಿದ್ದಲ್ಲ. ಕಾಣದ ಕಾಯಿಲೆಗೆ ಜನ ಹೆಸರಿಡುವುದಿಲ್ಲ. ‘ಗಾಳಿ ಸೋಕಿತು’, ‘ದೃಷ್ಟಿಯಾಯಿತು’, ‘ಬಾಣಂತನದಲ್ಲಿ ನಂಜಾಯಿತು’ ಎಂದು ಮುಗಿಸಿದ ಕಥೆಗಳನ್ನು ಹಿರಿಯರ ಹತ್ತಿರ ಕೂತು ಬಿಡಿಸಿ ಕೇಳಿದರೆ ಒಳಗೆ ಏನಿತ್ತೆಂಬುದು ತಿಳಿಯುತ್ತದೆ. ಬಾವಿಗೆ ಬಿದ್ದ ಬಾಣಂತಿಯರ ನೆನಪಿಲ್ಲದ ಊರು ವಿರಳ. ಅಂದಿನ ತುಂಬಿದ ಮನೆಗಳಲ್ಲಿ ಮಗುವನ್ನು ಎತ್ತಿಕೊಳ್ಳುವ ಕೈಗಳು ಹೆಚ್ಚಿದ್ದವು ಎಂಬುದೂ ನಿಜ. ಆ ಕೈಗಳು ಈಗ ಕಡಿಮೆಯಾಗಿವೆ, ಬಾಣಂತಿಯ ಮೇಲಿನ ಹೊರೆ ಕಡಿಮೆಯಾಗಿಲ್ಲ.

## ತವರು, ಅತ್ತೆಮನೆ, ಆಸರೆ

ತವರಲ್ಲಿ ಬಾಣಂತನ ಚೆನ್ನಾಗೇ ನಡೀತಿದೆ. ಎರೆಯೋರಿದ್ದಾರೆ, ಅಡುಗೆ ಮಾಡೋರಿದ್ದಾರೆ. ಇನ್ನೂ ಏನು ಆಸರೆ ಬೇಕು ಅಂತೀರಿ?

ಈ ಪ್ರಶ್ನೆಯನ್ನು ನನ್ನ ಬಳಿ ಅತಿ ಹೆಚ್ಚು ಕೇಳಿರುವವರು ತಾಯಂದಿರು, ಅದೂ ನೊಂದುಕೊಂಡು. ಮಗಳಿಗೆ ಯಾವುದಕ್ಕೂ ಕಡಿಮೆ ಮಾಡಿಲ್ಲವೆಂಬ ಅವರ ಮಾತು ಸುಳ್ಳಲ್ಲ.

ತುಮಕೂರು ಕಡೆಯ ಒಂದು ಹಳ್ಳಿಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಹೆರಿಗೆಯಾಗಿ ಇಪ್ಪತ್ತು ದಿನ. ಕೋಣೆಯ ಮೂಲೆಯಲ್ಲಿ ಕೆಂಡದ ಬಾಣಲೆ, ಸಾಂಬ್ರಾಣಿಯ ಹೊಗೆ, ಡಬ್ಬಿಯ ತುಂಬ ಅಂಟಿನುಂಡೆ. ಮಗು ನೋಡಲು ಬಂದ ಆರು ಹೆಂಗಸರು ತೊಟ್ಟಿಲ ಮೇಲೆ ಬಾಗಿ ಮೂಗು ಯಾರದು, ಹಣೆ ಯಾರದು ಎಂದು ಚರ್ಚೆ ನಡೆಸಿದ್ದರು. ಬಾಣಂತಿ ಗೋಡೆಯ ಕಡೆ ತಿರುಗಿ ಕೂತು ಮಗುವಿನ ಒಂದು ಬಟ್ಟೆಯನ್ನು ಮಡಿಸಿ, ಬಿಡಿಸಿ, ಮತ್ತೆ ಅದನ್ನೇ ಮಡಿಸುತ್ತಿದ್ದಳು. ಯಾರೂ ಅವಳತ್ತ ನೋಡಲಿಲ್ಲ. ಅವರೆಲ್ಲ ಹೋದ ಮೇಲೆ ಎರೆಯಲು ಬರುವ ಅಜ್ಜಿ ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು ಅವಳ ಬೆನ್ನು ನೀವುತ್ತ, ‘ರಾತ್ರಿ ನಿದ್ದೆ ಬಂತೇನವ್ವ?’ ಎಂದು ಕೇಳಿದರು. ಅಷ್ಟಕ್ಕೇ ಆ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಇಪ್ಪತ್ತು ದಿನದಲ್ಲಿ ಮಗುವಿನ ನಿದ್ದೆ, ಮಗುವಿನ ಹಾಲು, ಮಗುವಿನ ಮಲ, ಹೊಲಿಗೆ ಒಣಗಿತೇ ಇಲ್ಲವೇ ಎಂದೆಲ್ಲ ದಿನಕ್ಕೆ ಹತ್ತು ಬಾರಿ ಕೇಳಿದ್ದ ಮನೆಯಲ್ಲಿ ಅವಳನ್ನು ಅವಳ ಬಗ್ಗೆ ಕೇಳಿದ ಮೊದಲ ಮಾತು ಅದಾಗಿತ್ತು.

ನಮ್ಮ ಬಾಣಂತನ ಬಾಣಂತಿಯ ಮೈಯನ್ನೂ ಮಗುವನ್ನೂ ಚೆನ್ನಾಗಿ ನೋಡಿಕೊಳ್ಳುತ್ತದೆ. ಕೊರತೆ ಇರುವುದು, ತಿದ್ದದೆ, ಹೋಲಿಸದೆ, ಬುದ್ಧಿ ಹೇಳದೆ ಅವಳ ಮಾತು ಕೇಳುವ ಒಬ್ಬರದು. ಎಷ್ಟು ಜನ ಸುತ್ತ ಇದ್ದಾರೆ ಎಂಬುದಕ್ಕಿಂತ ‘ನನಗೆ ಯಾರೋ ಇದ್ದಾರೆ’ ಎಂದು ಅವಳಿಗೆ ಅನಿಸುತ್ತದೆಯೇ ಎಂಬುದು ಹೆಚ್ಚು ಮುಖ್ಯ. ಆ ಒಬ್ಬರು ತಾಯಿಯೇ ಆಗಬೇಕಿಲ್ಲ. ಅಕ್ಕ, ಗೆಳತಿ, ಚಿಕ್ಕಮ್ಮ, ಕೆಲವೊಮ್ಮೆ ಎರೆಯಲು ಬರುವ ಅಜ್ಜಿ.

ಬಾಣಂತನದ ಕಟ್ಟುಪಾಡು ಎಲ್ಲ ಬಿಟ್ಟುಬಿಡಬೇಕಾ?

ಖಂಡಿತ ಬೇಡ. ವಾರಗಟ್ಟಲೆ ಒಲೆಯ ಮುಂದೆ ನಿಲ್ಲದಿರುವುದು, ಎಣ್ಣೆ ನೀರು, ಬಿಸಿಯಾದ ಹದವಾದ ಊಟ, ಹಗಲಲ್ಲೂ ಮಲಗಬಹುದೆಂಬ ಅನುಮತಿ, ಇವೆಲ್ಲ ಬೇರೆ ದೇಶಗಳ ಹೆಂಗಸರು ಹಣ ಕೊಟ್ಟರೂ ಸುಲಭಕ್ಕೆ ಸಿಗದ ಸೌಲಭ್ಯಗಳು. ನನ್ನ ಅಳತೆ ಇಷ್ಟೇ: ವಿಶ್ರಾಂತಿ ಕೊಡುವ ಪದ್ಧತಿ ಇರಲಿ, ಕಟ್ಟಿಹಾಕುವ ಪದ್ಧತಿ ಹೋಗಲಿ. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ನೀರು ಕೊಡದಿರುವುದು ತಪ್ಪು; ಮಲಬದ್ಧತೆ, ಮೂತ್ರದ ಉರಿ ಎರಡೂ ಅದರಿಂದ ಹೆಚ್ಚುತ್ತವೆ. ಕಿಟಕಿ ಮುಚ್ಚಿ ಹೊಗೆ ಹಾಕುವುದು ಎಳೆಗೂಸಿನ ಉಸಿರಿಗೂ ತಾಯಿಯ ಮನಸ್ಸಿಗೂ ಒಳ್ಳೆಯದಲ್ಲ. ಬೆಳಿಗ್ಗೆಯ ಬೆಳಕಿಗೆ ಹತ್ತು ನಿಮಿಷ ಜಗಲಿಯಲ್ಲಿ ಕೂತರೆ ಯಾವ ಶೀತವೂ ಆಗುವುದಿಲ್ಲ. ಪುರುಡಿನ ಹನ್ನೊಂದು ದಿನ ಅವಳನ್ನು ಯಾರೂ ಮುಟ್ಟದಿದ್ದರೆ ಅಳುವ ಹೆಣ್ಣುಮಗಳ ಹೆಗಲ ಮೇಲೆ ಕೈ ಇಡುವವರು ಯಾರು ಎಂದು ಹಿರಿಯರನ್ನು ಮೃದುವಾಗಿ ಕೇಳಿ ನೋಡಿ. ಒಪ್ಪುವವರು ನೀವು ಎಣಿಸಿದ್ದಕ್ಕಿಂತ ಹೆಚ್ಚು.

ನಾನು ಗಂಡ. ಹೆಂಡತಿ ತವರಲ್ಲಿದ್ದಾಳೆ, ವಾರಕ್ಕೊಮ್ಮೆ ಹೋಗಿ ಬರ್ತೀನಿ. ನನ್ನಿಂದ ಏನಾಗುತ್ತೆ?

ಬಹಳಷ್ಟು ಆಗುತ್ತದೆ. ಫೋನ್ ಮಾಡಿದಾಗ ‘ಮಗು ಏನು ಮಾಡ್ತಿದೆ’ ಎನ್ನುವ ಮೊದಲು ‘ನೀನು ಹೇಗಿದ್ದೀಯ’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಅವಳು ಕಷ್ಟ ಹೇಳಿಕೊಂಡರೆ ಒಡನೆಯೇ ಪರಿಹಾರ ಹುಡುಕಲು ಹೊರಡಬೇಡಿ, ಮೊದಲು ಕೇಳಿಸಿಕೊಳ್ಳಿ.

ಹೋದ ದಿನ ಅಳಿಯನಂತೆ ಕೂತು ಹೋಳಿಗೆ ತಿಂದು ಬರುವ ಬದಲು ಒಂದು ರಾತ್ರಿಯ ಹೊಣೆ ಹೊರಿ. ಹಾಲೂಡಿಸುವುದೊಂದು ಬಿಟ್ಟು ಉಳಿದುದೆಲ್ಲ ನಿಮ್ಮಿಂದ ಆಗುತ್ತದೆ: ತೇಗು ಬರಿಸುವುದು, ಒದ್ದೆ ಬಟ್ಟೆ ಬದಲಿಸುವುದು, ಹೆಗಲ ಮೇಲೆ ಹಾಕಿಕೊಂಡು ತಿರುಗುವುದು. ಹಾಲನ್ನು ಹಿಂಡಿಟ್ಟರೆ ಒಂದು ಸರದಿ ನೀವೇ ಕುಡಿಸಬಹುದು. ಬಾಣಂತಿಗೆ ನಡುವೆ ಎಚ್ಚರವಾಗದ ನಾಲ್ಕೈದು ಗಂಟೆಯ ನಿದ್ದೆ ಸಿಗುವುದು ಯಾವ ಲೇಹ್ಯಕ್ಕೂ ಕಡಿಮೆಯಲ್ಲದ ಮದ್ದು. ‘ಹಾಲು ಸಾಲಲ್ಲ’, ‘ಮಗು ಸಣ್ಣಗಿದೆ’, ‘ಸಿಸೇರಿಯನ್ ಅಂದ್ರೆ ಸುಲಭ ಬಿಡು’ ಎನ್ನುವ ನೆಂಟರ ಮಾತುಗಳಿಗೆ ಅಡ್ಡ ನಿಲ್ಲುವುದೂ ನಿಮ್ಮದೇ ಕೆಲಸ. ಆ ಮಾತನ್ನು ಅವಳೇ ಆಡಿದರೆ ಸೊಕ್ಕು ಎನ್ನುತ್ತಾರೆ, ನೀವು ಆಡಿದರೆ ಸುಮ್ಮನಾಗುತ್ತಾರೆ. ಹಾಗಾಗಬಾರದು, ಆದರೆ ಇವತ್ತಿಗೆ ಇರುವುದು ಹಾಗೆ.

ಕೇಂದ್ರ ಸರ್ಕಾರದ ನೌಕರರಾಗಿದ್ದರೆ 15 ದಿನದ ಪಿತೃತ್ವ ರಜೆ ಇದೆ, ತೆಗೆದುಕೊಳ್ಳಿ. ಖಾಸಗಿ ಕೆಲಸದಲ್ಲಿರುವವರಿಗೆ ಅದನ್ನು ಕಡ್ಡಾಯ ಮಾಡುವ ಕಾನೂನು ಇಲ್ಲ. ಇದ್ದ ರಜೆಯನ್ನು ನಾಮಕರಣದ ಓಡಾಟಕ್ಕೆ ಮುಗಿಸದೆ ಉಳಿಸಿಟ್ಟುಕೊಳ್ಳಿ. ಇನ್ನೊಂದು ಮಾತು: ಹೊಸ ತಂದೆಯರಲ್ಲೂ ಸುಮಾರು ಹತ್ತರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಸಿಟ್ಟು, ಕುಡಿತ, ತಡವಾಗಿ ಮನೆಗೆ ಬರುವುದು ಅದರ ಮುಖವಾಡಗಳಾಗಿರಬಹುದು. 14416 ನಿಮಗೂ ಇದೆ.

ಸೊಸೆ ಮಾತೇ ಆಡಲ್ಲ. ನಾನು ಅತ್ತೆ, ಹೇಗೆ ಕೇಳಲಿ? ಕೇಳಿದ್ರೆ ‘ಏನಿಲ್ಲ’ ಅಂತಾಳೆ.

ಕೇಳಬೇಕೆಂದು ನಿಮಗೆ ಅನಿಸಿದ್ದೇ ದೊಡ್ಡದು. ಎದುರು ಕೂರಿಸಿ ವಿಚಾರಣೆಯಂತೆ ಕೇಳಬೇಡಿ. ಅವಳಿಗೆ ತಲೆ ಬಾಚುತ್ತ, ಮಗುವಿನ ಬಟ್ಟೆ ಒಣಗಹಾಕುತ್ತ ಮಾತು ತೆಗೆಯಿರಿ. ನಿಮ್ಮ ಕಥೆಯಿಂದ ಶುರುಮಾಡಿ. ‘ನಿನ್ನ ಗಂಡ ಹುಟ್ಟಿದಾಗ ನನಗೆ ಒಂದು ತಿಂಗಳು ಏನೂ ಬೇಡ ಅನ್ನಿಸಿತ್ತು, ಯಾರ ಹತ್ತಿರವೂ ಹೇಳಲಿಲ್ಲ’ ಎಂದು ನಿಜವಾಗಿ ನಡೆದದ್ದನ್ನು ಹೇಳಿದರೆ ಅವಳ ನಾಲಿಗೆಯ ಗಂಟು ಸಡಿಲವಾಗುತ್ತದೆ. ‘ಏನಿಲ್ಲ’ ಎಂದರೆ ಬಿಡಿ, ಎರಡು ದಿನ ಬಿಟ್ಟು ಮತ್ತೆ ಕೇಳಿ. ಅವಳು ಬಾಯಿಬಿಟ್ಟ ಮಾತನ್ನು ನಾದಿನಿಗೋ ಓರಗಿತ್ತಿಗೋ ದಾಟಿಸಬೇಡಿ. ಒಮ್ಮೆ ದಾಟಿತೆಂದರೆ ಆ ಬಾಗಿಲು ವರ್ಷಗಟ್ಟಲೆ ಮುಚ್ಚಿಕೊಳ್ಳುತ್ತದೆ.

ಎರಡನೇದೂ ಹೆಣ್ಣು. ಆಸ್ಪತ್ರೆಯಲ್ಲೇ ಎಲ್ಲರ ಮುಖ ಇಳೀತು. ಅವತ್ತಿಂದ ನಾನು ನಾನಾಗಿಲ್ಲ.

ನಿಮ್ಮ ಮನಸ್ಸು ದುರ್ಬಲವಾದ್ದರಿಂದ ಹೀಗಾಯಿತೆಂದು ತಿಳಿಯಬೇಡಿ. ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಡತನ, ಗಂಡನ ಹಿಂಸೆ, ಬಸಿರಿನಲ್ಲೇ ಇದ್ದ ಮನೋವ್ಯಥೆ ಇವುಗಳ ಜೊತೆಗೆ ಮಗು ಹೆಣ್ಣಾಗಿರುವುದೂ ತಾಯಿಯ ಖಿನ್ನತೆಗೆ ನಂಟು ಹೊಂದಿರುವುದನ್ನು ಎತ್ತಿ ತೋರಿಸಿತು. ನೋವು ಹುಟ್ಟಿದ್ದು ಸುತ್ತಲಿನವರ ಇಳಿದ ಮುಖಗಳಿಂದ. ಮಗುವಿನ ಲಿಂಗವನ್ನು ನಿರ್ಧರಿಸುವುದು ತಂದೆಯ ವೀರ್ಯಾಣು. ಈ ಮಾತನ್ನು ಆಶಾ ಕಾರ್ಯಕರ್ತೆಯೋ ವೈದ್ಯರೋ ಇಡೀ ಮನೆಯವರ ಮುಂದೆ ಹೇಳುವಂತೆ ಮಾಡಿ, ಹೊರಗಿನವರು ಹೇಳಿದಾಗ ಅದಕ್ಕೆ ಬೇರೆ ತೂಕ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹ ತಾಯಂದಿರಿಗೆ ಎರಡನೆಯ ಮಗು ಹೆಣ್ಣಾದರೆ 6,000 ರೂಪಾಯಿ ಸಿಗುತ್ತದೆ, ಅಂಗನವಾಡಿಯಲ್ಲಿ ವಿಚಾರಿಸಿ. ಹಣ ಸಣ್ಣದು, ಆದರೆ ಆ ಮಗುವಿನ ಹೆಸರಿನಲ್ಲಿ ಮನೆಗೆ ಬರುವ ಮೊದಲ ಒಳ್ಳೆಯ ಸುದ್ದಿ ಅದಾಗಬಹುದು.

ನನಗೆ ತವರೇ ಇಲ್ಲ. ಬೆಂಗಳೂರಲ್ಲಿ ನಾವಿಬ್ಬರೇ. ತಂಗಿ ಅಮೆರಿಕದಲ್ಲಿ, ಅವಳದೂ ಇದೇ ಕಥೆ.

ತಾಯಿ ತೀರಿಕೊಂಡವರು, ಮನೆಯವರನ್ನು ಎದುರು ಹಾಕಿಕೊಂಡು ಮದುವೆಯಾದವರು, ಕೆಲಸಕ್ಕೆಂದು ದೂರ ಬಂದವರು, ಇವರಿಗೆಲ್ಲ ಬಾಣಂತನವನ್ನು ಮೊದಲೇ ಕೂತು ಯೋಜಿಸುವುದೊಂದೇ ದಾರಿ. ಏಳನೆಯ ತಿಂಗಳಲ್ಲೇ ಒಂದು ಹಾಳೆ ತೆಗೆದುಕೊಂಡು ಮೊದಲ ನಲವತ್ತು ದಿನ ಅಡುಗೆ ಯಾರದು, ರಾತ್ರಿಯ ಸರದಿ ಯಾರದು, ಆಸ್ಪತ್ರೆಗೆ ಜೊತೆ ಯಾರು, ಅಳು ಬಂದರೆ ಫೋನ್ ಯಾರಿಗೆ ಎಂದು ಬರೆದು ಗೋಡೆಗೆ ಅಂಟಿಸಿ. ಸಹಾಯ ಬೇಕೇ ಎಂದು ಕೇಳಿದವರಿಗೆ ‘ಪರವಾಗಿಲ್ಲ’ ಎನ್ನದೆ ‘ಗುರುವಾರ ಮಧ್ಯಾಹ್ನದ ಸಾರು ತಂದುಕೊಡಿ’ ಎಂದು ಖಚಿತವಾಗಿ ಹೇಳಿ. ನಮ್ಮ ಜನ ಕೆಲಸ ಗೊತ್ತುಮಾಡಿ ಕೊಟ್ಟರೆ ಸಂತೋಷದಿಂದ ಮಾಡುತ್ತಾರೆ.

ಅಮೆರಿಕದಲ್ಲಿರುವವರು ಅಮ್ಮನೋ ಅತ್ತೆಯೋ ವೀಸಾ ಮುಗಿಸಿ ಊರಿಗೆ ಮರಳುವ ವಾರವನ್ನು ವಿಶೇಷವಾಗಿ ಗಮನಿಸಬೇಕು. ಒಮ್ಮೆಗೇ ಮನೆ ಖಾಲಿಯಾಗುವ ಆ ದಿನಗಳಲ್ಲಿ ಮನಸ್ಸು ಕುಸಿದದ್ದನ್ನು ಹಲವರು ಬರೆದು ತಿಳಿಸಿದ್ದಾರೆ. ಅಲ್ಲಿ ತಾಯಂದಿರಿಗೆಂದೇ 1-833-852-6262 ಎಂಬ ಉಚಿತ ಸಹಾಯವಾಣಿ 2022ರಿಂದ ನಡೆಯುತ್ತಿದೆ.

ಗಂಡ ಹೊಡೀತಾನೆ. ಇದನ್ನೂ ಡಾಕ್ಟರಿಗೆ ಹೇಳಬೇಕಾ?

ಹೇಳಿ. ಹೊಡೆತ ತಿನ್ನುತ್ತಿರುವವಳ ಮನಸ್ಸಿಗೆ ಮಾತ್ರೆಯೊಂದರಿಂದಲೇ ಶಾಂತಿ ಸಿಗದು. ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಗಂಡನ ಹಿಂಸೆ ಅನುಭವಿಸಿದ್ದೇವೆಂದ ವಿವಾಹಿತೆಯರ ಪ್ರಮಾಣ ಕರ್ನಾಟಕದಲ್ಲಿ ಶೇ 44ರಷ್ಟಿತ್ತು, ರಾಜ್ಯಗಳಲ್ಲೇ ಅತಿ ಹೆಚ್ಚು. ನೀವು ಒಬ್ಬರೇ ಅಲ್ಲ, ಇದು ನಿಮ್ಮ ತಪ್ಪೂ ಅಲ್ಲ. ತಪಾಸಣೆಯ ಹೊತ್ತಿನಲ್ಲಿ ಗಂಡ, ಅತ್ತೆ ಹೊರಗಿರಲಿ ಎಂದು ಕೇಳುವ ಹಕ್ಕು ನಿಮಗಿದೆ. ಮಹಿಳಾ ಸಹಾಯವಾಣಿ 181. ಪ್ರಾಣಕ್ಕೆ ಅಪಾಯವಿದ್ದರೆ 112.

## ತಪಾಸಣೆ, ಚಿಕಿತ್ಸೆ

ಡಾಕ್ಟರ ಹತ್ತಿರ ಹೋದ್ರೆ ಏನು ಕೇಳ್ತಾರೆ?

ಹೆಚ್ಚಾಗಿ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಬಳಸುತ್ತಾರೆ. 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ರೂಪುಗೊಂಡ ಎಡಿನ್‌ಬರೊ ಮಾಪಕವದು, ಕನ್ನಡದಲ್ಲೂ ಇದೆ. ಕಳೆದ ಏಳು ದಿನ ನಗಲು ಸಾಧ್ಯವಾಯಿತೇ, ತಪ್ಪಿಲ್ಲದಿದ್ದರೂ ನಿಮ್ಮನ್ನೇ ದೂಷಿಸಿಕೊಂಡಿರಾ, ಕಾರಣವಿಲ್ಲದೆ ದಿಗಿಲಾಯಿತೇ, ಹೀಗೆ. ಒಂದೊಂದಕ್ಕೆ 0ಯಿಂದ 3, ಒಟ್ಟು 30 ಅಂಕ. ಅಂಕ ಹೆಚ್ಚಿದ ಮಾತ್ರಕ್ಕೆ ಕಾಯಿಲೆಯೆಂದು ಅರ್ಥವಲ್ಲ, ಕೂಲಂಕಷವಾಗಿ ಮಾತನಾಡಿಸಿ ನೋಡಬೇಕೆಂದು ಅರ್ಥ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಒಟ್ಟು ಅಂಕ ಎಷ್ಟೇ ಇರಲಿ, ಅದಕ್ಕೆ ‘ಹೌದು’ ಎಂಬ ಉತ್ತರ ಬಂದರೆ ಅಂದೇ ಗಮನ ಕೊಡಬೇಕು. ಅದನ್ನು ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬರುತ್ತದೆಂಬ ಭಯ ಬೇಡ. ನೆರೆಯ ಕೇರಳದಲ್ಲಿ ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸುವ ಸ್ತ್ರೀರೋಗ ತಜ್ಞರಿಗೆ ಆತ್ಮಹತ್ಯೆ ಈಚೆಗೆ ಒಂದು ಮುಖ್ಯ ಕಾರಣವಾಗಿ ಕಂಡಿದೆ. ರಕ್ತಸ್ರಾವದ ಸಾವು ತಗ್ಗಿದಷ್ಟೂ ಇದು ಎದ್ದು ಕಾಣುತ್ತಿದೆ.

ನಮ್ಮ ತಾಲ್ಲೂಕಲ್ಲಿ ಮನೋವೈದ್ಯರೇ ಇಲ್ಲ. ಎಲ್ಲಿಗೆ ಹೋಗೋದು?

ಮೊದಲ ಬಾಗಿಲು ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಅವರು 3, 7, 14, 21, 28 ಮತ್ತು 42ನೆಯ ದಿನ ಬರಬೇಕು. ಅವರ ಕೆಲಸ ಮಗುವಿನ ತೂಕ, ಜ್ವರ, ಹೊಕ್ಕುಳ ನೋಡುವುದು. ಆದರೆ ಆ ಆರು ಭೇಟಿಗಳಲ್ಲಿ ‘ನಿದ್ದೆ ಹೇಗಿದೆ, ಮನಸ್ಸು ಹೇಗಿದೆ’ ಎಂಬ ಎರಡು ಪ್ರಶ್ನೆ ಸೇರಿದರೆ ಎಷ್ಟೋ ಜೀವ ಉಳಿಯುತ್ತದೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. 1996ರಲ್ಲಿ ರಾಷ್ಟ್ರಮಟ್ಟದ ಯೋಜನೆಯಾಗಿ ಶುರುವಾದ ಆ ಕಾರ್ಯಕ್ರಮಕ್ಕೆ ಮಾದರಿ ಸಿಕ್ಕಿದ್ದು ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗದಿಂದ. ‘ಮನೋಚೈತನ್ಯ’ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯರ ಶಿಬಿರಗಳೂ ನಡೆದಿವೆ. ನಿಮ್ಮಲ್ಲಿ ಯಾವ ವಾರ ಇದೆಯೆಂದು ಆಸ್ಪತ್ರೆಯಲ್ಲಿ ಕೇಳಿ. ಎಲ್ಲಿಗೂ ಹೋಗಲಾಗದಿದ್ದರೆ 14416 ಇದ್ದೇ ಇದೆ.

ಮಾತ್ರೆ ತಗೊಂಡ್ರೆ ಹಾಲಿನ ಮೂಲಕ ಮಗುವಿಗೆ ಹೋಗಲ್ವಾ?

ಬಹುತೇಕ ಔಷಧಿಗಳ ಅಲ್ಪಾಂಶ ಹಾಲಿಗೆ ಬರುತ್ತದೆ. ಎಷ್ಟು ಬರುತ್ತದೆ, ಅದರಿಂದ ತೊಂದರೆ ಇದೆಯೇ ಎಂಬುದು ಔಷಧಿಯಿಂದ ಔಷಧಿಗೆ ಬೇರೆ. ಖಿನ್ನತೆಗೆ ಕೊಡುವ ಸರ್ಟ್ರಲಿನ್‌ನಂಥವು ಹಾಲಿನಲ್ಲಿ ತೀರಾ ಕಡಿಮೆ ಇರುವುದರಿಂದ ಹಾಲೂಡಿಸುವವರಿಗೆ ವೈದ್ಯರು ಹೆಚ್ಚಾಗಿ ಅಂಥದ್ದನ್ನೇ ಆರಿಸುತ್ತಾರೆ. ಮನಸ್ಸಿನ ತೀವ್ರ ಏರಿಳಿತದ ಕಾಯಿಲೆಗೆ ಕೊಡುವ ಲಿಥಿಯಂಗೆ ಹೆಚ್ಚಿನ ಎಚ್ಚರ ಬೇಕು. ಅದೇ ಕಾಯಿಲೆಗೆ ಕೊಡುವ ವ್ಯಾಲ್‌ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿಕರವಾದ್ದರಿಂದ ಬಸಿರಾಗುವ ಯೋಚನೆ ಇರುವವರು ಮೊದಲೇ ವೈದ್ಯರೊಡನೆ ಮಾತನಾಡಿ ಬದಲಿಸಿಕೊಳ್ಳಬೇಕು. ಬಸಿರೆಂದು ತಿಳಿದ ದಿನವೇ ಹೆದರಿ ಎಲ್ಲ ಮಾತ್ರೆಯನ್ನೂ ತಾವಾಗಿ ನಿಲ್ಲಿಸಿಬಿಡುವುದನ್ನು ಹಲವು ಸಲ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು. ಚಿಕಿತ್ಸೆಯಿಲ್ಲದ ಖಿನ್ನತೆಯೂ ಮಗುವಿಗೆ ತಟ್ಟುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ವೈದ್ಯರು ತೀರ್ಮಾನ ಮಾಡುತ್ತಾರೆ.

ಬರೀ ಮಾತಾಡಿದ್ರೆ, ಹೆಂಗಸರ ಗುಂಪಿಗೆ ಹೋದ್ರೆ ಕಾಯಿಲೆ ವಾಸಿಯಾಗುತ್ತಾ?

ಸಾಧಾರಣ ಮಟ್ಟದ ಖಿನ್ನತೆಗೆ ಆಗುತ್ತದೆ, ಇದಕ್ಕೆ ಒಳ್ಳೆಯ ಆಧಾರ ಇದೆ. ಪಾಕಿಸ್ತಾನದ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಗೇ ಹೋಗಿ ಬಸುರಿಯರೊಂದಿಗೂ ಬಾಣಂತಿಯರೊಂದಿಗೂ ಕ್ರಮಬದ್ಧವಾಗಿ ಮಾತನಾಡುವ ವಿಧಾನ ಫಲ ಕೊಟ್ಟದ್ದು 2008ರಲ್ಲಿ ಪ್ರಕಟವಾಯಿತು. ಅದೇ ವಿಧಾನವನ್ನು ಗೋವಾದಲ್ಲಿ ಅದೇ ಊರಿನ ಸಾಮಾನ್ಯ ಹೆಂಗಸರಿಗೆ ಕಲಿಸಿ ಪ್ರಯೋಗ ಮಾಡಿದರು. ಮನೋವೈದ್ಯರ ಪದವಿ ಇಲ್ಲದ, ನೆರೆಯವರಂತಿದ್ದ ಹೆಂಗಸರು ಅವರು. ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಹಳ್ಳಿಗಳಲ್ಲಿ ಏಕ್‌ಜುಟ್ ಸಂಸ್ಥೆ ತಿಂಗಳಿಗೊಮ್ಮೆ ಹೆಂಗಸರ ಸಭೆ ಸೇರಿಸಿತು. ಅಲ್ಲಿ ಚರ್ಚೆಯಾದದ್ದು ಹೆರಿಗೆ, ಎಳೆಗೂಸಿನ ಆರೈಕೆ ಮಾತ್ರ, ಖಿನ್ನತೆಯ ಮಾತೇ ಇರಲಿಲ್ಲ. ಆದರೂ ಮೂರನೆಯ ವರ್ಷದ ಹೊತ್ತಿಗೆ ಆ ಊರುಗಳ ತಾಯಂದಿರಲ್ಲಿ ಮಧ್ಯಮ ಮಟ್ಟದ ಖಿನ್ನತೆ ಶೇ 57ರಷ್ಟು ಕಡಿಮೆ ಕಂಡಿತು. ನಮ್ಮ ಸ್ತ್ರೀಶಕ್ತಿ ಸಂಘಗಳು ಸಾಲದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆಯನ್ನು ಊರಿನ ಬಾಣಂತಿಯರಿಗೆಂದು ಇಟ್ಟರೆ ಏನಾದೀತು ಎಂದು ನಾನು ಆಗಾಗ ಯೋಚಿಸುವುದುಂಟು. ಆದರೆ ತೀವ್ರವಾದ ಕಾಯಿಲೆಗೆ ಮಾತಿನ ಜೊತೆ ಮದ್ದೂ ಬೇಕು.

ರಜೆ ಮುಗೀತು, ಕೆಲಸಕ್ಕೆ ಹೋಗಬೇಕು ಅಂದ್ರೆ ಎದೆ ನಡುಗುತ್ತೆ.

2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ವೇತನಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ಹಾಲೂಡಿಸಲು ಬಿಡುವು ಕೇಳುವುದು ನಿಮ್ಮ ಹಕ್ಕು. ಮರಳುವ ಎರಡು ವಾರ ಮೊದಲೇ ದಿನಕ್ಕೆ ಒಂದೆರಡು ಗಂಟೆ ಮಗುವನ್ನು ಬೇರೆಯವರ ಕೈಗೆ ಕೊಟ್ಟು ಅಭ್ಯಾಸ ಮಾಡಿಸಿ. ಕೂಲಿಗೆ, ಮನೆಗೆಲಸಕ್ಕೆ ಹೋಗುವ ತಾಯಂದಿರಿಗೆ ಇದಾವುದೂ ಸಿಗುತ್ತಿಲ್ಲವೆಂಬುದು ನಾಚಿಕೆಯ ಸಂಗತಿ.

## ಕಷ್ಟದ ಪ್ರಶ್ನೆಗಳು

ಮಗುವಿಗೆ ನಾನೇ ಏನಾದರೂ ಮಾಡಿಬಿಡ್ತೀನೇನೋ ಅಂತ ಯೋಚನೆ ಬರುತ್ತೆ. ಚಾಕು ನೋಡಿದ್ರೆ ಭಯ. ಯಾರಿಗೂ ಹೇಳಿಲ್ಲ.

ಹೇಳಿದ್ದು ಬಹಳ ಒಳ್ಳೆಯದಾಯಿತು. ಬೇಡ ಬೇಡವೆಂದರೂ ನುಗ್ಗಿ ಬರುವ ಇಂಥ ಚಿತ್ರಗಳು ಹೊಸ ತಾಯಂದಿರಲ್ಲಿ ತೀರಾ ಸಾಮಾನ್ಯ, ಆತಂಕ ಮತ್ತು ಗೀಳಿನ ಕಾಯಿಲೆಯಲ್ಲಿ ಅವು ಹೆಚ್ಚುತ್ತವೆ. ಆ ಯೋಚನೆ ಕಂಡು ನೀವು ನಡುಗುತ್ತೀರಿ, ಚಾಕುವನ್ನು ಎತ್ತಿಡುತ್ತೀರಿ, ಮಗುವನ್ನು ಕಾಪಾಡಲು ಇನ್ನಿಲ್ಲದ ಎಚ್ಚರ ವಹಿಸುತ್ತೀರಿ ಎಂದಾದರೆ ನೀವು ಅದನ್ನು ಮಾಡುವ ಸಾಧ್ಯತೆ ತೀರಾ ಕಡಿಮೆ. ಇದಕ್ಕೆ ಚಿಕಿತ್ಸೆಯೂ ಇದೆ. ಇದಕ್ಕಿಂತ ಬೇರೆಯಾದದ್ದು, ಮಗುವೇ ಶಾಪಗ್ರಸ್ತ, ಮಗು ಬದಲಾಗಿದೆ, ಮಗುವನ್ನು ಕೊಂದರೆ ಅದಕ್ಕೆ ಮುಕ್ತಿ ಎಂದು ತಾಯಿ ನಂಬತೊಡಗುವುದು, ಅಥವಾ ಹಾಗೆ ಮಾಡೆಂದು ದನಿಗಳು ಕೇಳಿಸುವುದು. ಅಲ್ಲಿ ಭಯದ ಜಾಗದಲ್ಲಿ ನಂಬಿಕೆ ಬಂದು ಕೂತಿರುತ್ತದೆ. ಆಗ ಒಂದು ಗಳಿಗೆಯೂ ತಾಯಿ, ಮಗು ಇಬ್ಬರನ್ನೇ ಬಿಟ್ಟು ಹೋಗಬಾರದು.

ಹೆರಿಗೆ ಆಗಿ ಆರು ದಿನ. ರಾತ್ರಿಯೆಲ್ಲ ಮಲಗದೆ ಏನೇನೋ ಮಾತಾಡ್ತಾಳೆ. ಮನೆಯವರು ಗಾಳಿ ಸೋಕಿದೆ, ದೇವಸ್ಥಾನಕ್ಕೆ ಹೋಗೋಣ ಅಂತಿದ್ದಾರೆ.

ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದದ್ದು ಇದನ್ನೇ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಬರುತ್ತದೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ, ದಿನವೊಂದೆರಡರಲ್ಲೇ ಉಲ್ಬಣಿಸುತ್ತದೆ. ನಿದ್ದೆಯೇ ಬೇಡವೆನ್ನುವುದು, ಅತಿಯಾದ ಮಾತು, ಅನುಮಾನ, ಗೊಂದಲ, ಒಂದು ಗಂಟೆ ಸರಿಯಾಗಿದ್ದು ಮರುಗಂಟೆಗೆ ಗುರುತೇ ಸಿಗದಂತಾಗುವುದು ಇದರ ಲಕ್ಷಣ. ಇದು ತುರ್ತು ಸ್ಥಿತಿ. ಇವತ್ತೇ, ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ವಾಹನ ಇಲ್ಲದಿದ್ದರೆ 108. ಸೋಂಕಿನ ಜ್ವರ, ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಕೂಡ ಹೀಗೇ ಕಾಣಬಹುದಾದ್ದರಿಂದ ಮೈಯ ತಪಾಸಣೆಯೂ ಆಗಬೇಕು. ದೇವರಿಗೆ ಹರಕೆ ಹೊತ್ತುಕೊಳ್ಳಿ, ಗುಣವಾದ ಮೇಲೆ ಮೂವರೂ ಹೋಗಿ ತೀರಿಸಿ ಬನ್ನಿ. ಚಿಕಿತ್ಸೆ ಸಿಕ್ಕವರಲ್ಲಿ ಬಹುಪಾಲು ಮಂದಿ ಪೂರ್ತಿ ಗುಣವಾಗುತ್ತಾರೆ.

ಮಾನಸಿಕ ಆಸ್ಪತ್ರೆಗೆ ಸೇರಿಸಿದ್ರೆ ಮಗುವನ್ನು ಅವಳಿಂದ ಕಿತ್ಕೊಳ್ತಾರಾ?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವೆಂದು ಮನೋವೈದ್ಯರಿಗೆ ಅನಿಸಿದರೆ ತಾತ್ಕಾಲಿಕವಾಗಿ ದೂರವಿಡಬಹುದು; ಆಗಲೂ ತಾಯಿಗೆ ಮೇಲ್ವಿಚಾರಣೆಯಲ್ಲಿ ಮಗುವನ್ನು ನೋಡಲು ಅವಕಾಶ ಇರಬೇಕು, ಆ ತೀರ್ಮಾನವನ್ನು 15 ದಿನಕ್ಕೊಮ್ಮೆ ಮರುಪರಿಶೀಲಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ಘಟಕ 2009ರಿಂದ ನಡೆಯುತ್ತಿದೆ, ದೇಶದಲ್ಲಿ ಇಂಥ ಘಟಕಗಳಲ್ಲಿ ಅದು ಮೊದಲನೆಯದು. ಮನೆಯವರೊಬ್ಬರು, ಹೆಚ್ಚಾಗಿ ಬಾಣಂತಿಯ ತಾಯಿ, ಜೊತೆಗೆ ಇರುತ್ತಾರೆ. ಹಾಲೂಡಿಸುವುದನ್ನು, ಮಗುವಿನೊಡನೆ ಆಡುವುದನ್ನು ಅಲ್ಲಿ ನರ್ಸ್‌ಗಳ ನೆರವಿನಲ್ಲಿ ಮತ್ತೆ ರೂಢಿ ಮಾಡಿಸುತ್ತಾರೆ.

ಮಗು ಉಳೀಲಿಲ್ಲ. ಎದೆಯಲ್ಲಿ ಹಾಲು ಬರ್ತಾನೇ ಇದೆ. ಎಲ್ಲರೂ ‘ಮರೆತುಬಿಡು, ಇನ್ನೊಂದು ಆಗುತ್ತೆ’ ಅಂತಾರೆ.

ನೀವು ಬಾಣಂತಿಯೇ. ಅದೇ ಬಿಸಿನೀರು, ಅದೇ ಊಟ, ಅದೇ ವಿಶ್ರಾಂತಿ ನಿಮಗೂ ಸಲ್ಲಬೇಕು. ಹಾಲಿನ ನೋವಿಗೆ ತಣ್ಣನೆಯ ಬಟ್ಟೆ, ಸರಿಯಾಗಿ ಆಧಾರ ಕೊಡುವ ಒಳಉಡುಪು, ಬೇಕಾದರೆ ವೈದ್ಯರ ಸಲಹೆ. ಮಗುವಿಗೆ ಹೆಸರಿಟ್ಟಿದ್ದರೆ ಆ ಹೆಸರು ಹಿಡಿದು ಮಾತನಾಡಿ. ಮರೆಯಬೇಕೆಂಬ ಒತ್ತಾಯ ಯಾರದೂ ಬೇಡ. ಮನೆಯವರು ಆಡಬೇಕಾದ ಮಾತು ಬಹಳವೇನಿಲ್ಲ, ‘ನಮಗೂ ಅದರ ನೆನಪಾಗುತ್ತೆ’ ಎಂದರೆ ಸಾಕು.

ಮೊದಲ ಹೆರಿಗೆಯಲ್ಲಿ ಸನ್ನಿ ಬಂದಿತ್ತು. ಎರಡನೇ ಮಗು ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಬಹುದು, ಆದರೆ ತಯಾರಿಯಿಲ್ಲದೆ ಬೇಡ. ಒಮ್ಮೆ ಬಂದವರಿಗೆ, ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹಕ್ಕೂ ಅತಿ ಕುಗ್ಗುವಿಕೆಗೂ ಜಾರುವ ಕಾಯಿಲೆ) ಇರುವವರಿಗೆ ಮರುಕಳಿಸುವ ಸಾಧ್ಯತೆ ಉಳಿದವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಬಸಿರಾಗುವ ಮೊದಲೇ ಮನೋವೈದ್ಯರನ್ನೂ ಸ್ತ್ರೀರೋಗ ತಜ್ಞರನ್ನೂ ಕಂಡು ಯಾವ ಔಷಧಿ, ಯಾವ ತಿಂಗಳಿನಿಂದ, ಹೆರಿಗೆಯ ಮರುದಿನವೇ ಏನು ಕೊಡಬೇಕು ಎಂದು ಬರೆಸಿಕೊಳ್ಳಿ. ಆ ಚೀಟಿ ತಾಯಿ ಕಾರ್ಡಿನ ಜೊತೆಯಲ್ಲೇ ಇರಲಿ, ಅದರ ಪ್ರತಿ ಗಂಡನ ಬಳಿಯೂ ತವರಿನಲ್ಲೂ ಇರಲಿ. ಹೆರಿಗೆಯ ನಂತರದ ಮೊದಲ ಎರಡು ವಾರ ರಾತ್ರಿಯ ಹೊತ್ತು ಮಗುವನ್ನು ನೋಡಿಕೊಳ್ಳಲು ಇಬ್ಬರನ್ನು ಗೊತ್ತುಮಾಡಿಡಿ. ಹಿಂದಿನ ಸಲ ಮೊಟ್ಟಮೊದಲು ಕಂಡ ಸೂಚನೆ ಏನಿತ್ತೆಂದು ಮನೆಯವರೆಲ್ಲ ಕೂತು ನೆನಪಿಸಿಕೊಂಡು ಆ ಚೀಟಿಯ ಕೆಳಗೆ ಬರೆಯಿರಿ. ಹೆಚ್ಚಿನವರ ಚೀಟಿಯಲ್ಲಿ ನಾನು ಓದಿರುವುದು ಒಂದೇ ಸಾಲು: ‘ಎರಡು ರಾತ್ರಿ ನಿದ್ದೆ ಮಾಡಲಿಲ್ಲ.’